ಅಪ್ಪ ಕಿವಿಯಿಟ್ಟು ಕೊಂಡ ಕನ್ವರ್ಟರ್

ಹೆಣ್ಣುಮಕ್ಕಳ ಹಾಸ್ಟೆಲ್, ರೂಮ್ ನಂಬರ್ ಇಪ್ಪತ್ತೇಳು
ಹದಿನಾಲ್ಕನೇ ತಾರೀಖು, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಗಣಿಯ ಧೂಳಿಗೆಂದು ಕೊಟ್ಟ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಡಂಪರ್ ಓಡಿಸುತ್ತೀಯೆಂದು ನನಗೆ ಗೊತ್ತು, ಇಲ್ಲವೆನ್ನಬೇಡ. ಕಳೆದ ಸಲ ಕಳಿಸಿದ ಫೋಟೋದಲ್ಲಿ ಮುಖವೆಲ್ಲ ಕೆಂಪು ಮಣ್ಣು, ಹಣೆಯ ಮೇಲೆ ಮಾತ್ರ ಕನ್ನಡಕದಷ್ಟು ಅಗಲದ ಜಾಗ ಸ್ವಚ್ಛವಾಗಿತ್ತು. ಬೆನ್ನಿಗೆ ಇಟ್ಟುಕೋ ಎಂದು ಅಮ್ಮ ಹೊಲಿದು ಕಳಿಸಿದ ದಿಂಬು ಸೀಟಿನ ಮೇಲಿದೆಯೋ, ಕ್ಯಾಂಪಿನ ನಾಯಿಯ ಕೆಳಗಿದೆಯೋ? ನನ್ನ ವಿಷಯ ಕೇಳಿದರೆ, ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ. ನೋಡು, ಮತ್ತೆ ಬರೆದೆ. ಎಂಟನೇ ವಯಸ್ಸಿನಿಂದ ಶಾಲೆಯ ಹಾಸ್ಟೆಲ್ಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಓದಿ ಅಂಟಿಸುವ ಪತ್ರ ಬರೆದು ಬರೆದು, ಪೆನ್ನು ಹಿಡಿದ ಕೂಡಲೇ ಕೈ ತಾನಾಗಿಯೇ ಅದನ್ನು ಬರೆದುಬಿಡುತ್ತದೆ. ಈ ಹಾಸ್ಟೆಲ್ಲಿನಲ್ಲಿ ನನ್ನ ಪತ್ರ ಯಾರೂ ಓದುವುದಿಲ್ಲ. ಆದ್ದರಿಂದ ನಿಜ ಹೇಳುತ್ತೇನೆ: ಸುಸ್ತಾಗಿದ್ದೇನೆ. ಓದಿ ಆಗುವ ಸುಸ್ತಲ್ಲ, ಮೂರು ದಿನದಿಂದ ಒಂದೇ ಮಾತನ್ನು ಬಾಯೊಳಗೆ ಇಟ್ಟುಕೊಂಡು ಓಡಾಡಿದ ಸುಸ್ತು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಕ್ಯಾಂಪಿನ ಫೋನಿರುವುದು ಆಫೀಸಿನ ಬಾಗಿಲಲ್ಲಿ, ನಿನ್ನ ಹಿಂದೆ ಹತ್ತು ಜನ ಸಾಲು ನಿಂತಿರುತ್ತಾರೆ, ನೀನು "ಹೂಂ, ಬೇಗ ಹೇಳೇ" ಅನ್ನುತ್ತೀಯ. ಇದು ಬೇಗ ಹೇಳುವಂಥದ್ದಲ್ಲ. ನಾಳೆ ಬೆಳಿಗ್ಗೆ ನಿಮ್ಮ ಕ್ಯಾಂಪಿಗೆ ಸಾಮಾನು ತರುವ ಲಾರಿ ಇಲ್ಲಿಂದಲೇ ಹೊರಡುತ್ತದಂತೆ. ಇವತ್ತು ಸಂಜೆ ಐದರೊಳಗೆ ಅವರ ಆಫೀಸಿನಲ್ಲಿ ಕೊಟ್ಟರೆ ಮಂಗಳವಾರ ನಿನ್ನ ಕೈ ಸೇರುತ್ತದೆ.

ಕನ್ವರ್ಟರ್ ಸಿಕ್ಕಿತು. ಅದೇ ಸುದ್ದಿ. ಅಮ್ಮ ಆಗಲೇ ಹೇಳಿರಬಹುದು. ಹೋದ ವರ್ಷ ಹಳೆಯ ವಿಮಾನ ಇಳಿಯುವ ಪಟ್ಟಿಯ ಮೇಲಿನ ರೇಸಿನಲ್ಲಿ ಕಾಲು ಮೈಲಿ ಮುಗಿಯುವ ಮೊದಲೇ ದೊಡ್ಡಮ್ಮ ನಿಂತುಬಿಟ್ಟಳಲ್ಲ, ಗೇರ್‌ಬಾಕ್ಸ್ ಬಿಚ್ಚಿದಾಗ ಎಣ್ಣೆ ಸುಟ್ಟು ಕಪ್ಪಾಗಿ ಅದರಲ್ಲಿ ಲೋಹದ ಪುಡಿ ಮಿಣುಗುತ್ತಿತ್ತಲ್ಲ, ಅವತ್ತಿನಿಂದ ಅಪ್ಪ ಹುಡುಕುತ್ತಿದ್ದ ವಸ್ತು ಕೊನೆಗೂ ಮನೆಗೆ ಬಂತು. ಕಾರಿಗೆ ದೊಡ್ಡಮ್ಮ ಎಂದು ಹೆಸರಿಟ್ಟವಳು ನೀನೇ. ಬೀದಿಯ ತಿರುವಿನಲ್ಲಿರುವಾಗಲೇ ಬಂದದ್ದು ಮನೆಮಂದಿಗೆಲ್ಲ ಗೊತ್ತಾಗುತ್ತದೆ ಎಂದು. ಅವಳನ್ನು ಓಡಿಸುವವಳು ನೀನು, ಕಟ್ಟಿದವರು ಅಪ್ಪ. ನನಗೆ ಟಾರ್ಕ್ ಕನ್ವರ್ಟರ್ ಎಂದರೆ ಇಲ್ಲಿಯವರೆಗೆ ಐದು ಅಂಕದ ಪ್ರಶ್ನೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ, ಗಾಳಿಯ ಜಾಗದಲ್ಲಿ ಎಣ್ಣೆ ಇರುತ್ತದೆ, ಹೀಗೆ ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ದಾಟುತ್ತದೆ ಎಂದು ಬರೆದು ನಾಲ್ಕೂವರೆ ಪಡೆದವಳು ನಾನು. ಚಿತ್ರದಲ್ಲಿ ಬಾಣ ಮರೆತಿದ್ದೆ. ಗುರುವಾರ ಕಣ್ಣಾರೆ ನೋಡಿದೆ: ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಸೇರಿಸಿ ಸುತ್ತಲೂ ಬೆಸೆದಂಥ ಒಂದು ಬುರುಡೆ. ನಡುವೆ ಎರಡು ಬೆರಳು ಹೋಗುವಷ್ಟು ತೂತು. ಒಳಗೆ ಏನಿದೆಯೆಂದು ನೋಡುವ ದಾರಿಯೇ ಇಲ್ಲ. ಹೊಸದಾದರೆ ಕಣ್ಣು ಮುಚ್ಚಿ ತರಬಹುದು. ಅದು ನಮ್ಮ ಕೈಗೆ ಎಟುಕುವುದಲ್ಲ. ಯಾರೋ ಓಡಿಸಿ ಬಿಚ್ಚಿಟ್ಟದ್ದನ್ನು ಕೊಳ್ಳುವಾಗ ಅಲುಗಾಡಿಸಬೇಕು, ಎಣ್ಣೆ ಮೂಸಬೇಕು, ಕಡೆಗೆ ಕಿವಿ ಕೊಡಬೇಕು.

ಬುಧವಾರ ಸಂಜೆ ಡ್ರಾಯಿಂಗ್ ಹಾಲಿನಲ್ಲಿದ್ದೆ, ಅಪ್ಪನ ಫೋನ್ ಬಂತು. ನೀನು ಹೇಳುವ ಹಾಗೆ ಟೆಲಿಗ್ರಾಮೇ. "ನಾಳೆ ಬರ್ತಿದ್ದೀನಿ. ನಿಮ್ಮೂರಲ್ಲೇ ಕನ್ವರ್ಟರ್ ಇದೆ. ನೀನೂ ಬಾ. ಹತ್ತು ಗಂಟೆ, ಬಸ್‌ಸ್ಟ್ಯಾಂಡು. ಸರಿ, ಇಟ್ಟೆ." ನನಗೆ ಲ್ಯಾಬ್ ಇದೆ ಎಂದೆ, ಅಷ್ಟರಲ್ಲಿ ಇಟ್ಟಾಗಿತ್ತು. ಲ್ಯಾಬ್ ತಪ್ಪಿಸಿದೆ, ಅಕ್ಕಾ. ಮೊದಲ ವರ್ಷದಲ್ಲಿ ಹಾಜರಿ ಕಡಿಮೆಯಾದರೆ ಏನೇನಾಗುತ್ತದೆಂದು ರಾತ್ರಿಯೆಲ್ಲ ಲೆಕ್ಕ ಹಾಕಿ, ಆದರೂ ತಪ್ಪಿಸಿದೆ. ಯಾಕೆಂದರೆ ಅಪ್ಪ ಇಂಥದ್ದಕ್ಕೆ ನನ್ನನ್ನು ಯಾವತ್ತಾದರೂ ಕರೆದದ್ದಿದೆಯೇ? ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿ ಇಂಜಿನ್ ಮುಂದೆ ಕೂರಿಸಿ "ಯಾವ ಸಿಲಿಂಡರ್ ತಪ್ಪುತ್ತಿದೆ ಹೇಳು" ಎನ್ನುತ್ತಿದ್ದರು. ನಾನು ಹತ್ತಿರ ಬಂದರೆ "ಒಬ್ಬಳ ಉಗುರಾದರೂ ಬೆಳ್ಳಗಿರಲಿ" ಎಂದು ಒಳಗೆ ಕಳಿಸುತ್ತಿದ್ದರು. ಆಮೇಲೆ ಹಾಸ್ಟೆಲ್ಲಿಗೇ ಕಳಿಸಿದರು. ದೂರು ಹೇಳುತ್ತಿಲ್ಲ. ಅರ್ಧ ಇಂಗ್ಲಿಷು, ಬೆಳ್ಳನೆ ಉಗುರು, ಎರಡೂ ಸಿಕ್ಕವು. ರಜೆಯಲ್ಲಿ ಬಂದರೆ ನಿಮ್ಮಿಬ್ಬರ ಮಾತಿನ ನಡುವೆ ಕೂತಿರುತ್ತಿದ್ದ ನನಗೆ ನೀನು, ನಟ್ಟು ಬೋಲ್ಟಿನ ನಡುವೆ ಕೂರುವ ಬಿಲ್ಲೆಯ ಹಾಗೆ, ವಾಷರ್ ಎಂದು ಹೆಸರಿಟ್ಟೆ. ಗುರುವಾರ ಬಸ್ಸಿಳಿದು ಬಂದ ಅಪ್ಪನ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಶಾಫ್ಟಿನ ತುಂಡು ಇತ್ತು. ಅದನ್ನು ನನ್ನ ಕೈಗೇ ಕೊಟ್ಟರು, ಹುಷಾರಾಗಿ ಹಿಡಿ ಎಂದು. ನೆಲದ ಮೇಲೆ ನಡೆಯಲಿಲ್ಲ ನಾನು, ನಿಜ ಹೇಳುತ್ತೇನೆ.

ಮಾರುವವನ ಅಂಗಳ ಊರಾಚೆ, ಟೈರ್ ಅಂಗಡಿಗಳು ಮುಗಿಯುವಲ್ಲಿ. ತಗಡಿನ ಗೇಟು, ಒಳಗೆ ಸಾಲಾಗಿ ಇಂಜಿನ್ನುಗಳು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಒಂದು ಮೂಲೆಯಲ್ಲಿ ಬಾಗಿಲುಗಳೇ ಬಾಗಿಲುಗಳು, ಪುಸ್ತಕದ ಹಾಗೆ ಜೋಡಿಸಿಟ್ಟಿದ್ದ. ಯಜಮಾನ ದಪ್ಪ ಮನುಷ್ಯ, ಮೊಳಕಾಲಿಗೆ ಪಟ್ಟಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತೇ ವ್ಯಾಪಾರ ಮಾಡುತ್ತಾನೆ. ಅಪ್ಪನನ್ನು ನೋಡಿ, "ಕಿವಿ ಮೇಸ್ತ್ರಿ ಅಂದ್ರೆ ನೀವೇನಾ? ನಿಮ್ಮ ವಿಷಯ ಕೇಳಿದೀನಿ. ಗಾಡಿ ರಸ್ತೇಲಿ ಹೋಗ್ತಿದ್ರೆ ಒಳಗೆ ಕೂತು ಕಾಯಿಲೆ ಹೇಳ್ತೀರಂತೆ" ಎಂದ. ಅಪ್ಪ ನಕ್ಕರು. ಅವನೇ ಮುಂದುವರಿಸಿದ: "ಮಾಲು ಅಲ್ಲಿದೆ. ರೇಸ್ ಗಾಡೀದೇ. ಇಂಜಿನ್ ಮೂರೂವರೆ ಸಾವಿರ ಸುತ್ತು ಏರೋ ತನಕ ಜಾರಕ್ಕೆ ಬಿಡತ್ತೆ, ಆಮೇಲೆ ಹಿಡೀತು ಅಂದ್ರೆ ಕತ್ತು ಹಿಂದಕ್ಕೆ. ಯಾರೋ ಶ್ರೀಮಂತರ ಮಗ, ಎರಡು ಸಲ ಓಡಿಸಿ ಹೆದರಿಕೊಂಡು ಬಿಟ್ಟ. ಕಿವಿ ಇಟ್ಟು ನೋಡಿ. ನಿಮ್ಮ ಕಿವಿ ಒಪ್ಪಿದ್ರೆ ನಾನು ಬಾಯಿ ಬಿಡೋದೇ ಬೇಡ." ಇನ್ನೊಂದು ಮಾತೂ ಹೇಳಿದ, ಅದನ್ನು ನೆನಪಿಟ್ಟುಕೋ: "ಬೋಲ್ಟ್ ಬಿಗಿಯೋ ತನಕ ಇದು ನನ್ನದು, ಬಿಗಿದ ಮೇಲೆ ನಿಮ್ಮದು. ವಾಪಸ್ ತರೋದಿದ್ರೆ ಬಿಗಿಯೋಕೆ ಮುಂಚೆ."

ಅಪ್ಪ ಬುರುಡೆಯನ್ನು ಹಳೆಯ ಟೈರಿನ ಮೇಲೆ ಅಂಗಾತ ಮಲಗಿಸಿದರು. ನಡುವಿನ ಕೊಳವೆಯ ಹೊರಮೈ ಮೇಲೆ ಉಗುರು ಆಡಿಸಿ ಗೆರೆ ಬಿದ್ದಿದೆಯೇ ನೋಡಿದರು. ಬೆಸುಗೆಯ ಸುತ್ತ ನೀಲಿ ತಿರುಗಿದೆಯೇ ನೋಡಿದರು. ಒಳಗೆ ಉಳಿದಿದ್ದ ಎಣ್ಣೆಯನ್ನು ಸ್ವಲ್ಪ ಅಂಗೈಗೆ ಸುರಿದುಕೊಂಡು ಮೂಸಿ ನನ್ನ ಮೂಗಿನ ಹತ್ತಿರವೂ ಹಿಡಿದರು, ಕೆಂಪಗೆ, ಶುದ್ಧವಾಗಿತ್ತು. ಆಮೇಲೆ ಶಾಫ್ಟಿನ ತುಂಡನ್ನು ತೂತಿಗೆ ಇಳಿಸಿ, ಮಂಡಿಯೂರಿ, ಎಡಗಿವಿಯನ್ನು ಲೋಹಕ್ಕೆ ಒತ್ತಿ, ನಿಧಾನವಾಗಿ ತಿರುಗಿಸಿದರು. ಒಳಗಿನ ಎಣ್ಣೆ ಗುಳುಗುಳು ಎಂದಿತು. ಮತ್ತೆ, ಎಣ್ಣೆಯ ಸದ್ದಿನ ಒಳಗಿನಿಂದ, ಕಿರ್ ಎಂದಿತು. ಸಣ್ಣದು, ಊಟದ ತಟ್ಟೆಯ ಕೆಳಗೆ ಒಂದು ಮರಳಿನ ಕಾಳು ಸಿಕ್ಕ ಹಾಗೆ. ಅಪ್ಪ ತಲೆ ಎತ್ತಿ ನನ್ನ ಮುಖ ನೋಡಿದರು. ಬೆವರು ಒರೆಸಿಕೊಳ್ಳಲು ಬೇಕೇನೋ ಎಂದು ಟವೆಲ್ ಕೊಟ್ಟೆ. ಒರೆಸಿಕೊಂಡು ಮತ್ತೆ ತಿರುಗಿಸಿದರು. ಅದೇ ಜಾಗ ಬಂದಾಗ ಮತ್ತೆ ಕಿರ್. ಮತ್ತೆ ನನ್ನ ಮುಖ ನೋಡಿದರು. ಬೇಸರವಾಗುತ್ತಿದೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡು ನೆಟ್ಟಗೆ ನಿಂತೆ. ಮೂರನೇ ಸಲ ಇನ್ನೂ ನಿಧಾನವಾಗಿ ತಿರುಗಿಸಿದರು, ಈ ಸಲ ಕಣ್ಣು ನನ್ನ ಮೇಲೇ ಇತ್ತು. ನನಗೆ ಒಳಗೊಳಗೇ ಹಿಗ್ಗು, ಅಪ್ಪ ಕಡೆಗೂ ನನಗೆ ಕಲಿಸುತ್ತಿದ್ದಾರೆ ಎಂದು. ಸುತ್ತಿಗೊಂದು ಕಿರ್, ತಪ್ಪದೆ. ನಾನು ಒಂಬತ್ತರವರೆಗೆ ಎಣಿಸಿದೆ. ಅಪ್ಪ ಎದ್ದು, ಮಂಡಿಯ ಮಣ್ಣು ಕೊಡವಿ, "ಸರಿ ಇದೆ, ಕಟ್ಟಿ" ಎಂದರು.

ನೀನು ಕೇಳುತ್ತೀಯ, ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ ಎಂದು. ಯಾರು ನಾನು ಬಾಯಿ ಬಿಡಲು? ಬಾಣ ಹಾಕಲು ಮರೆತವಳು. ಆ ಸದ್ದು ಇರಬೇಕಾದ ಸದ್ದೇ ಇರಬಹುದು ಅಂದುಕೊಂಡೆ. ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವರು ಸರಿ ಎಂದಮೇಲೆ, ಆ ದಪ್ಪ ಯಜಮಾನನ ಎದುರಿಗೆ ಮಗಳು "ಅಪ್ಪಾ, ಅಲ್ಲೇನೋ ಉಜ್ಜುತ್ತಿದೆ" ಅನ್ನುವುದೇ? ಇನ್ನೊಂದೂ ಇದೆ. ಆ ಹಳೆಯ ಹಾಸ್ಟೆಲ್ಲಿನಲ್ಲಿ ಟ್ರಂಕ್ ತಪಾಸಣೆಗೆ ವಾರ್ಡನ್ ಬಂದಾಗ ಕೈ ಹಿಂದೆ ಕಟ್ಟಿ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳಬೇಕು. ಹುಬ್ಬು ಅಲ್ಲಾಡಿದರೆ ನಿನ್ನ ಟ್ರಂಕೇ ತೆಗೆಸುತ್ತಾರೆ. ಮೊದಲ ವಾರ ಪಕ್ಕದ ಮಂಚದವಳು ಕಲಿಸಿದ ಪಾಠ ಅದು, ಹತ್ತು ವರ್ಷ ಅಭ್ಯಾಸ ಮಾಡಿದ್ದೇನೆ. ಯಾರಾದರೂ ಏನನ್ನಾದರೂ ಪರೀಕ್ಷಿಸುವುದನ್ನು ಕಂಡರೆ ಸಾಕು, ನನ್ನ ಮುಖ ತಾನಾಗಿ ಗೋಡೆಯಾಗುತ್ತದೆ.

ಬುರುಡೆಯನ್ನು ಗೋಣಿಚೀಲಕ್ಕೆ ಹಾಕಿ, ಚೀಲದ ಎರಡು ಕಿವಿಗಳನ್ನು ಇಬ್ಬರೂ ಹಿಡಿದು ಬಸ್‌ಸ್ಟ್ಯಾಂಡಿಗೆ ತಂದೆವು. ಕಂಡಕ್ಟರ್ "ಏನ್ ಯಜಮಾನ್ರೇ, ಹಂಡೆ ಹೊತ್ಕೊಂಡು ಎಲ್ಲಿಗೆ ಪ್ರಯಾಣ?" ಎಂದ. ಅಪ್ಪ ಅವನ ಕಡೆ ತಿರುಗಲೇ ಇಲ್ಲ. "ಮಾತಾಡ್ಸಿದ್ರೆ ಮರ್ಯಾದೆ ಹೋಗತ್ತಾ?" ಎಂದು ಅವನು ಗೊಣಗಿದ. ಅಪ್ಪ ಚೀಲ ಇಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಅವರ ಬೆನ್ನ ಹಿಂದೆ ಇನ್ನೊಂದು ಬಸ್ಸು ರಿವರ್ಸ್ ಬರುತ್ತಿತ್ತು. ಸೀಟಿ ಹೊಡೆಯುತ್ತಿದ್ದರು, ಬಸ್ಸಿನ ಮೈ ಬಡಿಯುತ್ತಿದ್ದರು, ಹಾರ್ನು. ಇಡೀ ನಿಲ್ದಾಣ ತಿರುಗಿ ನೋಡಿತು. ಅಪ್ಪ ಒಬ್ಬರು ತಿರುಗಲಿಲ್ಲ. ನಾನು ತೋಳು ಹಿಡಿದು ಎಳೆದೆ. ಎಳೆದಾಗ ಅವರಿಗೆ ಆಶ್ಚರ್ಯವಾಯಿತು, ಅಕ್ಕಾ. ಬಸ್ಸನ್ನು ಕಂಡು ಬೆಚ್ಚಿದರು, ಆಮೇಲೆ ನನ್ನನ್ನು ನೋಡಿ, "ಜನಕ್ಕೆ ಗಾಡಿ ಓಡಿಸೋಕೇ ಬರಲ್ಲ" ಎಂದು ಸಣ್ಣಗೆ ನಕ್ಕರು.

ಅವರ ಬಸ್ಸು ಹೋದಮೇಲೆ ಸಿಮೆಂಟು ಬೆಂಚಿನ ಮೇಲೆ ಒಂದು ಗಂಟೆ ಕೂತೆ. ಹಳೆಯ ಸಂಗತಿಗಳು ಒಂದೊಂದೇ ನೆನಪಿಗೆ ಬಂದು ಸೇರಿಕೊಂಡವು. ಅಪ್ಪನ ಗ್ಯಾರೇಜಿನ ಬಾಗಿಲಿಗೆ ಹೊಸದಾಗಿ ನೇತುಹಾಕಿರುವ ಸ್ಲೇಟು: ಬಂದವರು ಗಾಡಿಯ ತೊಂದರೆಯನ್ನು ಅದರ ಮೇಲೆ ಬರೆದು ಹೋಗಬೇಕು. ಅಪ್ಪ ಈಗ ಆಸ್ಪತ್ರೆ ಥರ ಚೀಟಿ ಪದ್ಧತಿ ಶುರುಮಾಡಿದ್ದಾರೆ ಎಂದು ನೀನೇ ನಕ್ಕಿದ್ದೆ. ಮೊದಲು ಕಣ್ಣು ಮುಚ್ಚಿ ಕೇಳುತ್ತಿದ್ದವರು ಈಗ ಬಾನೆಟ್ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ತಾವೇ ಮಾತಾಡಿ ತಾವೇ ಇಡುವ ಆ ಟೆಲಿಗ್ರಾಂ ಫೋನು. ಅಮ್ಮನಿಗಂತೂ ಇದು ಸೊಕ್ಕು. "ಮಿಷನ್ ತುಳಿಯೋದು ಬಿಟ್ಟು ಹತ್ತು ಸಲ ಕೂಗಿದ್ರೂ ಓ ಅನ್ನಲ್ಲ. ಹೆಣ್ಣುಮಕ್ಕಳು ಮನೇಲಿಲ್ಲ ಅಂತ ನಾನೂ ಇಲ್ಲ ಅಂದ್ಕೊಂಡಿದಾರೆ ನಿಮ್ಮಪ್ಪ" ಎಂದು ಕಳೆದ ರಜೆಯಲ್ಲಿ ಕಣ್ಣೊರೆಸಿಕೊಂಡಳು. ನಾನು ಇಬ್ಬರಿಗೂ ಸಮಾಧಾನ ಹೇಳಿದೆ, ವಾಷರಿನ ಕೆಲಸ. ಈಗ ಗೊತ್ತಾಗುತ್ತಿದೆ. ಅಪ್ಪನಿಗೆ ಕೇಳಿಸುವುದಿಲ್ಲ. ಎಷ್ಟು ಕೇಳಿಸುವುದಿಲ್ಲವೋ ನಾನರಿಯೆ. ಆ ಕಿರ್ ಅಂತೂ ಕೇಳಿಸಲಿಲ್ಲ.

ನನ್ನ ಕಷ್ಟ ಇದು. ಬರುವ ಗುರುವಾರ ಪಕ್ಕದ ವರ್ಕ್‌ಶಾಪಿನ ರ‍್ಯಾಂಪು ಖಾಲಿ ಸಿಗುತ್ತದೆ, ಅವತ್ತೇ ಅಪ್ಪ ಕನ್ವರ್ಟರ್ ಕೂರಿಸಿ ಬೋಲ್ಟ್ ಬಿಗಿಯುತ್ತಾರೆ. ಬಿಗಿದರೆ ವಾಪಸ್ಸಿಲ್ಲ. ನಾನು ಲೈಬ್ರರಿಯಲ್ಲಿ ಎರಡು ದಿನ ಓದಿದೆ. ಒಳಗಿನ ಬೇರಿಂಗ್ ಹೋಗಿದ್ದರೆ ಹಾಗೇ ಸುತ್ತಿಗೊಮ್ಮೆ ಉಜ್ಜುತ್ತದಂತೆ. ಅದು ಉದುರಿಸುವ ಪುಡಿ ಎಣ್ಣೆಯ ಜೊತೆ ನೇರ ಗೇರ್‌ಬಾಕ್ಸಿಗೆ ಹೋಗುತ್ತದೆ. ಹನ್ನೊಂದು ತಿಂಗಳು, ಬೇರೆಯವರ ಗಾಡಿಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ, ಅಪ್ಪ ಒಂದೊಂದೇ ಕ್ಲಚ್ ತಟ್ಟೆ ತೊಳೆದು ಜೋಡಿಸಿದ ಗೇರ್‌ಬಾಕ್ಸು. ಇಪ್ಪತ್ತೆಂಟಕ್ಕೆ ರೇಸು. ವರ್ಷದ ರಜೆಯನ್ನೆಲ್ಲ ಕೂಡಿಟ್ಟುಕೊಂಡು ನೀನು ಬರುತ್ತೀಯ, ಬಂದು ಅದರೊಳಗೆ ಕೂರುತ್ತೀಯ. ಆ ವೇಗದಲ್ಲಿ ಒಳಗೆ ಏನಾದರೂ ಒಡೆದು ಹಿಂದಿನ ಚಕ್ರ ಹಿಡಿದುಕೊಂಡರೆ ಎಂಬಲ್ಲಿಗೆ ಬಂದು ನನ್ನ ತಲೆ ನಿಂತುಬಿಡುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಹಾಗೆಂದು ಅಪ್ಪನ ಮುಂದೆ ನಿಂತು "ನಿಮಗೆ ಕಿವಿ ಕೇಳಿಸುವುದಿಲ್ಲ" ಎಂದು ಹೇಳಲಿಯೇ? ಊರೆಲ್ಲ ಅವರನ್ನು ಯಾವ ಹೆಸರಿನಿಂದ ಕರೆಯುತ್ತದೆಂದು ನಿನಗೆ ಗೊತ್ತಲ್ಲ.

ಅದಕ್ಕೇ ನಿನ್ನನ್ನು ಬೇಡಿಕೊಳ್ಳುತ್ತೇನೆ. ಪತ್ರ ಮುಟ್ಟಿದ ದಿನವೇ ಗ್ಯಾರೇಜಿಗೆ ಫೋನ್ ಮಾಡಿ, ಅಮ್ಮನ ಹತ್ತಿರ ಹೇಳು: "ಕ್ಯಾಂಪಿನ ಮೆಕ್ಯಾನಿಕ್ ಒಬ್ಬ ಹೇಳಿದ, ಹಳೆಯ ಕನ್ವರ್ಟರನ್ನು ಕೊಯ್ದು ಒಳಗೆ ನೋಡಿ ಮತ್ತೆ ಬೆಸೆಯದೆ ಹಾಕಬಾರದಂತೆ, ಹಾಕಿದರೆ ನಾನು ಕಾರಿನಲ್ಲಿ ಕೂರುವುದಿಲ್ಲ." ನಿನ್ನ ಹಟ ಎಂದು ಅಪ್ಪ ಬೈಯುತ್ತಾರೆ, ಆದರೆ ಮಾಡಿಸುತ್ತಾರೆ. ನಿನ್ನ ಹಟಕ್ಕೆ ಅವರು ಇಲ್ಲವೆಂದದ್ದು ಯಾವಾಗ? ಹೀಗಾದರೆ ಯಾರಿಗೂ ನೋವಿಲ್ಲ. ನನ್ನ ಹೆಸರು ಮಾತ್ರ ಎಲ್ಲೂ ಬೇಡ.

ಇನ್ನೇನು ಬರೆಯಲಿ. ರೂಮಿನ ಇನ್ನಿಬ್ಬರು ಸಿನಿಮಾಕ್ಕೆ ಹೋಗಿದ್ದಾರೆ. ಒಬ್ಬಳ ಅಲಾರಂ ಗಡಿಯಾರ ದಿಂಬಿನ ಕೆಳಗಿನಿಂದಲೂ ಟಿಕ್ ಟಿಕ್ ಅನ್ನುತ್ತಿದೆ. ಈಗೀಗ ಎಲ್ಲ ಸದ್ದೂ ನನಗೆ ಬೇಕಾದ್ದಕ್ಕಿಂತ ಹೆಚ್ಚು ಕೇಳಿಸುತ್ತದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕನ್ನಡಕವನ್ನು ಕಣ್ಣಿಗೆ ಹಾಕಿಕೋ, ಆ ನಾಯಿಗೆ ಬೇರೆ ದಿಂಬು ಕೊಡು. ನಿನ್ನ ಜೊತೆಯ ಡ್ರೈವರ್ ಅಕ್ಕನಿಗೆ, ಅಡುಗೆಯವರಿಗೆ ನನ್ನ ನೆನಪು ಹೇಳು. ನಿನ್ನನ್ನು ನೋಡಿ ಏಳು ತಿಂಗಳಾಯಿತು. ಬಂದಾಗ ಮೊದಲ ದಿನ ನನ್ನ ಪಕ್ಕದಲ್ಲೇ ಮಲಗಬೇಕು.

ನಿನ್ನ ದಾರಿ ಕಾಯುವ,
ವಾಷರ್

ಇನ್ನೊಂದು ಮಾತು. ಬೇಗ ಬರೆಯುತ್ತಿದ್ದೇನೆ, ನಾಲ್ಕೂವರೆ ಆಯಿತು. ಅಂಟಿಸುವ ಮುಂಚೆ ತಪ್ಪು ನೋಡೋಣವೆಂದು ಓದಿದೆ. 'ನನ್ನ ಮುಖ ನೋಡಿದರು' ಎಂದು ಎರಡು ಸಲ ಬರೆದಿದ್ದೇನೆ, ಮೂರನೇ ಸಲ 'ಕಣ್ಣು ನನ್ನ ಮೇಲೇ ಇತ್ತು' ಎಂದು. ಬರೆಯುವಾಗ ಹೊಳೆಯಲಿಲ್ಲ. ಒಂದು ವಿಷಯ ಮಾತ್ರ ಬೇಕೆಂದೇ ಬರೆಯದೆ ಬಿಟ್ಟಿದ್ದೆ. "ಸರಿ ಇದೆ" ಎನ್ನುವ ಮೊದಲು ಅಪ್ಪ ನನ್ನನ್ನು ಕೇಳಿದರು. "ಏನಂತೀಯೇ?" ಎಂದರು. ಆ ಯಜಮಾನ, "ಮಗಳನ್ನ ಕೇಳ್ತೀರಲ್ಲ ಮೇಸ್ತ್ರಿ, ಒಳ್ಳೇ ತಮಾಷೆ" ಎಂದು ನಕ್ಕ. ನಾನು ಗೋಡೆಯ ಮುಖ ಇಟ್ಟುಕೊಂಡು ಹೂಂ ಎಂದು ತಲೆಯಾಡಿಸಿದೆ. ಚೆನ್ನಾಗಿದೆ ಎಂದು. ಅದಾದ ಮೇಲೆ ಅಪ್ಪ ಕಟ್ಟಿ ಎಂದದ್ದು.

ಅಪ್ಪನಿಗೆ ಗೊತ್ತಿದೆ, ಅಕ್ಕಾ, ನಮಗಿಂತ ಮೊದಲೇ ಗೊತ್ತಿದೆ. ಅದಕ್ಕೇ ಗ್ಯಾರೇಜಿನವರನ್ನು ಯಾರನ್ನೂ ಕರೆದುಕೊಂಡು ಹೋಗದೆ ನನ್ನನ್ನು ಕರೆದರು. ಕಿವಿಯನ್ನು ಲೋಹಕ್ಕಿಟ್ಟರು, ಕೇಳಿದ್ದು ನನ್ನ ಮುಖದಿಂದ.

ಮೇಲೆ ಬೇಡಿಕೊಂಡದ್ದನ್ನು ಬಿಟ್ಟುಬಿಡು. ಫೋನ್ ಮಾಡಬೇಡ, ಕ್ಯಾಂಪಿನ ಮೆಕ್ಯಾನಿಕ್ ಬೇಡ. ಬೇರೆ ಪತ್ರ ಬರೆಯಲು ಹೊತ್ತಿಲ್ಲ, ಇದನ್ನೇ ಲಾರಿ ಆಫೀಸಿಗೆ ಕೊಟ್ಟು ಐದೂವರೆಯ ಬಸ್ಸಿಗೆ ಊರಿಗೆ ಹೋಗುತ್ತೇನೆ. ನಾಳೆಯ ಲ್ಯಾಬೂ ಹೋಯಿತು. ನಾನೇನೂ ಹೇಳುವುದಿಲ್ಲ, ಸ್ಲೇಟಿನ ಮೇಲೂ ಬರೆಯುವುದಿಲ್ಲ. ಬೆಳಿಗ್ಗೆ ಗ್ಯಾರೇಜಿನಲ್ಲಿ ನಾವಿಬ್ಬರೇ ಇರುವಾಗ "ಇನ್ನೊಂದು ಸಲ ತಿರುಗಿಸಿ ಅಪ್ಪಾ" ಎಂದು ಕೈಸನ್ನೆ ಮಾಡಿ ಎದುರು ಕೂರುತ್ತೇನೆ. ಅವರು ತಿರುಗಿಸಲಿ. ಆ ಜಾಗ ಬಂದಾಗ ಮುಖ ಕಿವುಚುತ್ತೇನೆ. ಪ್ರತಿ ಸುತ್ತಿಗೂ ಕಿವುಚುತ್ತೇನೆ, ಅವರು ನಿಲ್ಲಿಸುವವರೆಗೆ.